ಕೋಟೆ ಹತ್ತಿದ ಬುತ್ತಿ

ಈ ದೇಶದಲ್ಲಿ ನೋಡಬೇಕಾದ ಕೋಟೆ, ಗುಮ್ಮಟ, ಅರಮನೆ, ವಸ್ತುಸಂಗ್ರಹಾಲಯ ಎಷ್ಟಿವೆಯೋ ಅಷ್ಟನ್ನೂ ನಾನು ನೋಡಿ ಮುಗಿಸಿದ್ದೇನೆ. ಕಾಲಿನಿಂದ ನಡೆದು ನೋಡಿದ್ದು ಸ್ವಲ್ಪ ಕಡಿಮೆ, ಫೋನಿನ ಮೇಲೆ ಬೆರಳಿನಿಂದ ನಡೆದು ನೋಡಿದ್ದು ಜಾಸ್ತಿ. ದೆಹಲಿಯ ಕೆಂಪು ಕೋಟೆಯಲ್ಲಿ ಮೆಟ್ಟಿಲು ಎಲ್ಲಿ ಸವೆದಿದೆ ಅಂತ ಹೇಳಬಲ್ಲೆ. ರಾಜಸ್ಥಾನದ ಯಾವ ಅರಮನೆಯಲ್ಲಿ ಪಾರಿವಾಳದ ಕಾಟ ಹೆಚ್ಚು ಅಂತಲೂ ಬಲ್ಲೆ. ನಮ್ಮ ಯಾದಗಿರಿಯ ಕೋಟೆ ಮಾತ್ರ ಮನೆಯ ಹಿಂದಿನ ಗುಡ್ಡದ ಮೇಲೆಯೇ ಇದ್ದುದರಿಂದ ಅದನ್ನು ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಕೋಟೆಗೂ ಸಲ್ಲುತ್ತದೆ.

ನಾವು ಕೆಂಭಾವಿ ಬಿಟ್ಟು ಯಾದಗಿರಿಗೆ ಬಂದದ್ದು ನಾನು ಪಿಯುಸಿ ಸೇರುವಾಗ. ಅಪ್ಪ ಸಿಮೆಂಟಿನ ಲಾರಿ ಓಡಿಸುತ್ತಾನೆ, ಮನೆಗೆ ಬೀಗರ ಹಾಗೆ ಬಂದು ಬೀಗರ ಹಾಗೆಯೇ ಹೋಗುತ್ತಾನೆ. ಅವ್ವ ಮನೆಯಲ್ಲೇ ಹೆಂಗಸರ ಜಂಪರ್ ಹೊಲಿಯುತ್ತಾಳೆ. ಕೆಂಭಾವಿಯಲ್ಲಿ ನಮ್ಮ ಅಂಗಳದಲ್ಲಿ ದಿನಾ ಸಂತೆ ನೆರೆಯುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಬಾಯಿ ತೆರೆದರೆ ಓಣಿಯ ನಾಯಿಗಳೂ ಬಂದು ಕೂತು ಕೇಳುತ್ತಿದ್ದವು. ಯಾದಗಿರಿಯಲ್ಲಿ ನನ್ನ ಬಾಯಿ ಅದೇ ಇತ್ತು, ಕೇಳುವವರ ಕಿವಿ ಮಾತ್ರ ಇರಲಿಲ್ಲ. ಕಾಲೇಜಿನ ಹುಡುಗರೆಲ್ಲ ಒಂದನೇ ಕ್ಲಾಸಿನಿಂದಲೇ ಜೋಡಿಯಾಗಿ ಬಂದವರು, ಅವರ ನಡುವೆ ಒಂದು ಗುಂಡುಸೂಜಿ ತೂರಿಸುವಷ್ಟು ಜಾಗವೂ ಉಳಿದಿರಲಿಲ್ಲ.

ಆ ವರ್ಷ ಕಾಲೇಜಿನಿಂದ ವಿಜಯಪುರಕ್ಕೆ ಪ್ರವಾಸ ಹೊರಟಿತು. ಬಸ್ಸಿನಲ್ಲಿ ಎಲ್ಲರೂ ಇಬ್ಬರಿಬ್ಬರಾಗಿ ಕೂತರು. ಲೆಕ್ಕ ಬೆಸ ಇತ್ತು. ಎಲ್ಲ ಬೆಸ ಲೆಕ್ಕದಲ್ಲೂ ಕೊನೆಗೆ ಉಳಿಯುವ ಒಂದು ನಾನೇ. ನನ್ನ ಪಕ್ಕದ ಸೀಟಿನಲ್ಲಿ ಉಪ್ಪಿಟ್ಟಿನ ದೊಡ್ಡ ಬೋಗುಣಿಯನ್ನು ಕೂರಿಸಿದರು. ತಿರುವು ಬಂದಾಗಲೆಲ್ಲ ಅದು ನನ್ನ ಹೆಗಲಿಗೆ ಒರಗುತ್ತಿತ್ತು. ಆ ಪ್ರವಾಸದಲ್ಲಿ ನನ್ನ ಜೊತೆ ಅಷ್ಟು ಸಲುಗೆಯಿಂದ ನಡೆದುಕೊಂಡವರು ಬೇರೆ ಯಾರೂ ಇಲ್ಲ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಲ್ಲಿ ಕತ್ತಿ, ಗುರಾಣಿ, ಹಳೆಯ ಜಮಖಾನೆ, ಪಿಂಗಾಣಿ ತಟ್ಟೆ ಎಲ್ಲದರ ಕೆಳಗಿನ ಚೀಟಿಗಳನ್ನು ನಾನು ಒಂದೂ ಬಿಡದೆ ಓದಿದೆ. ಜೊತೆಗೆ ಯಾರೂ ಇಲ್ಲದವರು ಮಾತ್ರ ಚೀಟಿ ಓದುತ್ತಾರೆ. ಗೆಳೆಯರಿದ್ದವರನ್ನು ಯಾರಾದರೂ ತೋಳು ಹಿಡಿದು ಮುಂದಕ್ಕೆ ಎಳೆಯುತ್ತಿರುತ್ತಾರೆ.

ನನ್ನ ಫೋನಿನ ಕ್ಯಾಮೆರಾದಲ್ಲಿ ಸೊಳ್ಳೆಯ ಮೀಸೆಯೂ ಕಾಣುತ್ತದೆ ಅಂತ ನಾನೇ ಡಂಗುರ ಸಾರಿದ್ದೆ. ಅದಕ್ಕೇ ಐದು ಹುಡುಗರು ಗುಮ್ಮಟದ ಮುಂದೆ ಹೆಗಲಿಗೆ ಕೈ ಹಾಕಿಕೊಂಡು ನಿಂತು, "ಏ ಕ್ಯಾಮೆರಾ, ಒಂದು ತಗಿ" ಅಂದರು. ತೆಗೆದೆ. "ಗ್ರೂಪಿಗಿ ಹಾಕು" ಅಂದು ಹೊರಟುಹೋದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ಮನೆಗೆ ಬಂದಾಗ ಅವ್ವ ಹೊಲಿಗೆ ಬಿಟ್ಟು ಫೋನ್ ಕಸಿದುಕೊಂಡಳು. ಗುಮ್ಮಟವನ್ನು ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಅದರ ಮುಂದೆ ನಿಂತ ಐದು ಮುಖಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇವರೆಲ್ಲಾ ನಿನ್ನ ದೋಸ್ತರೇನು?"

ಅವಳ ಮುಖ ಆಗ ಹೇಗಿತ್ತೆಂದರೆ, ಇಲ್ಲ ಅನ್ನುವ ಶಬ್ದ ಕನ್ನಡದಲ್ಲಿ ಹುಟ್ಟಿಯೇ ಇಲ್ಲವೇನೋ ಅನ್ನಿಸಿತು. "ಮತ್ತೆ? ನಾನ ತಗದೀನಿ ಫೋಟೋ" ಅಂದೆ. ಆಮೇಲೆ ನನ್ನ ಬಾಯಿಗೆ ಬ್ರೇಕು ಬೀಳಲಿಲ್ಲ. ಗಿಡ್ಡ ಇದ್ದವನಿಗೆ ಖಾರ ಆಗುವುದಿಲ್ಲ, ಖಾರದ ಹಿಂಡಿಪುಡಿ ಮುಟ್ಟಿದರೆ ಕಣ್ಣಲ್ಲಿ ಭೀಮಾ ನದಿ ಹರಿಯುತ್ತದೆ. ಎತ್ತರದವನು ಮಲಗಿದಲ್ಲೇ ಒಂದು ಗುಡ್ಡೆ ರೊಟ್ಟಿ ತಿನ್ನುತ್ತಾನೆ. ಕನ್ನಡಕದವನು ನಾನು ಹೇಳಿಕೊಡದಿದ್ದರೆ ಪಾಸೇ ಆಗುವುದಿಲ್ಲ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕೊಂಬು ಹಚ್ಚಿದೆ. ಹಳದಿ ಅಂಗಿಯ ಹುಡುಗ ಫೋಟೋದಲ್ಲಿ ಬೇರೆ ಕಡೆ ನೋಡುತ್ತಿದ್ದ.

"ಈ ಹುಡುಗ ಯಾಕ ಸಪ್ಪಗ ಅದಾನ?"

"ಅಂವಗ ತಾಯಿ ಇಲ್ಲವ್ವ."

ಎಲ್ಲಿಂದ ಬಂತೋ ಆ ಮಾತು. ಅವ್ವ ಫೋನ್ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾರನೆಯ ದಿನವೇ ಕಾಲೇಜಿನ ಗೇಟಿನಲ್ಲಿ ನೋಡುತ್ತೇನೆ, ಅದೇ ಹುಡುಗ ತನ್ನ ತಾಯಿಯ ಸ್ಕೂಟಿಯಿಂದ ಇಳಿಯುತ್ತಿದ್ದಾನೆ. ಆಕೆ ಅವನ ತಲೆಗೆ ಮೊಟಕಿ ಊಟದ ಡಬ್ಬಿ ಕೊಟ್ಟು ಹೋದಳು. ಅಷ್ಟು ಗಟ್ಟಿಮುಟ್ಟಾದ ಹೆಂಗಸನ್ನು ಒಂದೇ ಮಾತಿನಲ್ಲಿ ಕೊಂದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.

ಅಲ್ಲಿಂದ ನಮ್ಮ ಮನೆಯಲ್ಲಿ ದಿನಾ ಸಂಜೆ ಆ ಐವರ ಮಾತೇ. ಗಿಡ್ಡನ ಜ್ವರ ಇಳಿಯಿತೇ, ಎತ್ತರದವನ ಅಕ್ಕನಿಗೆ ಗಂಡು ಗೊತ್ತಾಯಿತೇ ಅಂತ ಅವ್ವ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳು ಮಶೀನು ತುಳಿಯುತ್ತಾ ನಗುತ್ತಿದ್ದಳು. ಯಾದಗಿರಿಗೆ ಬಂದ ಮೇಲೆ ಅವಳು ನಕ್ಕದ್ದು ನನ್ನ ಆ ಸುಳ್ಳು ದೋಸ್ತರಿಂದಲೇ. ಹಾಗಾಗಿ ಅವರನ್ನು ಊರು ಬಿಡಿಸುವುದು ನನ್ನಿಂದ ಆಗಲಿಲ್ಲ.

ಒಂದು ದಿನ ಅವಳೇ ಅಂದಳು, "ಬಿಜಾಪುರ ನೋಡಿ ಬಂದ್ರಿ, ನಮ್ಮ ಕಡೀದು ಏನರ ನೋಡೀರೇನು? ಐತಾರ ಎಲ್ಲಾರೂ ಕೂಡಿ ಹೋಗ್ರಿ. ಇಲ್ಲಿ ಕ್ವಾಟಿ, ಶಹಾಪುರದಾಗ ಬುದ್ಧನ ಗುಡ್ಡ, ಸುರಪುರದಾಗ ಸಾಹೇಬನ ಬಂಗಲಿ. ನಾ ಬುತ್ತಿ ಕಟ್ಟಿಕೊಡ್ತೀನಿ."

"ಅವರಿಗಿ ಟೈಮ್ ಇಲ್ಲವ್ವ."

"ಐತಾರ ಯಾರಿಗಿ ಟೈಮ್ ಇರಂಗಿಲ್ಲ? ಲಾರಿ ಹೊಡಿಯಾಕ ಹೋಗ್ತಾರೇನು ಅವರು?"

ನಮ್ಮ ಕಡೆ ಬುತ್ತಿ ಅಂದರೆ ಬರೀ ಊಟವಲ್ಲ. ಅದು ಕಟ್ಟಿದವಳ ಮರ್ಯಾದೆ. ತುಂಬಿದ ಗಂಟು ತುಂಬಿದ ಹಾಗೆಯೇ ಮನೆಗೆ ಮರಳಿದರೆ, ಉಣ್ಣಲು ಮಂದಿ ಸಿಗಲಿಲ್ಲ ಅಂತ ಊರಿಗೆ ಸಾರಿದ ಹಾಗೆ. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯಲು ಕೂತಳು. ಆ ಸದ್ದಿಗೆ ಪಕ್ಕದ ಮನೆಯವರು ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಬಂದು ನೋಡಿ ಹೋದರು. ರೊಟ್ಟಿಯ ಗೋಪುರ ನನ್ನ ಸೊಂಟದ ತನಕ ಬಂತು. ಜೊತೆಗೆ ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಿಡ್ಡನಿಗಾಗಿ ಖಾರವಿಲ್ಲದ ಬೇರೆ ಪಲ್ಯ, ಮೊಸರು, ಉಳ್ಳಾಗಡ್ಡಿ. ಎಲ್ಲವನ್ನೂ ಬಿಳಿ ಅರಿವೆಯಲ್ಲಿ ಕಟ್ಟಿ ಚೀಲಕ್ಕೆ ಇಳಿಸಿದಳು. ಕೊನೆಗೆ ಒಂದು ಸಣ್ಣ ಡಬ್ಬಿ ತೆಗೆದಳು.

"ಇದರಾಗ ಶೇಂಗಾ ಹೋಳಿಗಿ ಅದಾವ. ಆ ತಾಯಿ ಇಲ್ಲದ ಹುಡುಗಗ. ನೀ ಮುಟ್ಟಬ್ಯಾಡ."

"ಒಂದು ಕೂಡ?"

"ನಿನಗ ನಾ ಇದ್ದೀನಲ್ಲ. ಬೇಕಾದಾಗ ಮಾಡಿ ಹಾಕ್ತೀನಿ. ಅಂವಗ ಯಾರು ಮಾಡ್ತಾರ?"

ಹೀಗೆ ಆರು ಮಂದಿಯ ಬುತ್ತಿ ಹೊತ್ತು ನಾನೊಬ್ಬನೇ ಕೋಟೆ ಹತ್ತಿದೆ. ಹಿಂದಿನ ಕಾಲದಲ್ಲಿ ಈ ಕೋಟೆ ಗೆಲ್ಲಲು ಬಂದ ದಂಡು ಕೂಡ ಅಷ್ಟು ಭಾರ ಹೊತ್ತಿರಲಿಕ್ಕಿಲ್ಲ. ಒಂದೊಂದು ಬಾಗಿಲು ದಾಟಿದಾಗಲೂ ಚೀಲ ಇಳಿಸಿ, ಹಿಂದೆ ಯಾರೋ ಬರುವವರಿದ್ದಾರೆ ಅನ್ನುವ ಹಾಗೆ ತಿರುಗಿ ನೋಡುತ್ತಿದ್ದೆ. ಬೆಳಗಿನ ವಾಯುವಿಹಾರಕ್ಕೆ ಬಂದ ಅಜ್ಜ ಒಬ್ಬರು ನಿಂತರು.

"ಏನಪ್ಪ, ಮ್ಯಾಲ ಮದುವಿ ಅದೇನು?"

"ಇಲ್ರಿ ಮುತ್ಯಾ, ದೋಸ್ತರು ಬರಾಕತ್ತಾರ್ರಿ."

ಅಜ್ಜ ಕೆಳಗಿನ ಖಾಲಿ ದಾರಿಯನ್ನು ಬುಡದ ತನಕ ನೋಡಿದರು. "ಭಾಳ ಸಾವಕಾಶ ಬರಾಕತ್ತಾರ ಬಿಡು" ಅಂದು ಇಳಿದು ಹೋದರು.

ಮೇಲೆ ತೋಪು ಇತ್ತು, ಉದ್ದಕ್ಕೆ ಊರಿನ ಕಡೆ ಬಾಯಿ ಮಾಡಿ ಮಲಗಿತ್ತು. ಗಾಳಿ ಇತ್ತು. ಕೆಳಗೆ ಊರು, ರೈಲಿನ ಹಳಿ, ಅದರಾಚೆ ಹೊಲ. ನಮ್ಮ ಮನೆಯ ತಗಡು ಹುಡುಕಿದೆ. ಸಿಕ್ಕಿತು, ಅಂಗಳದಲ್ಲಿ ಚುಕ್ಕೆಯಷ್ಟು ಅವ್ವನೂ ಕಂಡಳು ಅಂತ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಕಂಡಳು. ಅಷ್ಟರಲ್ಲಿ ಅವಳದೇ ಫೋನು.

"ಎಲ್ಲಾರೂ ಬಂದ್ರೇನು?"

"ಬಂದಾರವ್ವ. ತೋಪಿನ ಮ್ಯಾಲ ಕುಂತಾರ." ಫೋನನ್ನು ದೂರ ಹಿಡಿದು ಎತ್ತರದವನ ಹಾಗೆ ಕೆಮ್ಮಿದೆ, ಗಿಡ್ಡನ ಹಾಗೆ ಕೀರಲು ದನಿಯಲ್ಲಿ ನಕ್ಕೆ, ಕನ್ನಡಕದವನಾಗಿ "ಏ ಸರೀಲೇ" ಅಂದೆ. ನಾಟಕ ಕಂಪನಿಯವರು ಕೇಳಿದ್ದರೆ ಅಲ್ಲೇ ಕೆಲಸ ಕೊಟ್ಟು ಕರೆದೊಯ್ಯುತ್ತಿದ್ದರು.

"ನಕ್ಕೋತ ಇರ್ರಿ" ಅಂದು ಅವ್ವ ಫೋನ್ ಇಟ್ಟಳು. ಆಮೇಲೆ ಕೋಟೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಒಬ್ಬನೇ ಮೂವರಾಗಿ ಕೆಮ್ಮಿ, ನಕ್ಕು, ಮಾತಾಡಿದ ಮೇಲೆ ಉಳಿಯುವ ಮೌನ ಸಾಮಾನ್ಯದ್ದಲ್ಲ.

ಶಹಾಪುರದ ಬಸ್ಸಿನಲ್ಲಿ ಚೀಲಕ್ಕೊಂದು ಸೀಟು ಬೇಕಾಯಿತು. ಭೀಮಾ ಸೇತುವೆ ದಾಟುವಾಗ ಕಂಡಕ್ಟರ್ ಬಂದು ಮೂಗು ಅರಳಿಸಿದ.

"ಎಣಗಾಯಿ ವಾಸನಿ ಹೊಂಟದ. ಎಷ್ಟು ಮಂದಿ ಅದೀರಿ?"

"ಒಬ್ಬನ ರಿ."

"ಒಬ್ಬಂವಗ ಇಷ್ಟು ಬುತ್ತಿ? ಹೊಟ್ಟಿ ಅದನೋ ಗ್ವಾದಾಮ ಅದನೋ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ತಮಾಷೆಯ ಹುಡುಗ ಅನ್ನಿಸಿಕೊಳ್ಳುವುದು ಸುಲಭ, ಅದಕ್ಕೆ ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ.

ಶಹಾಪುರದ ಗುಡ್ಡಗಳ ಗುಟ್ಟು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರ ಹೊರಗೆ ರಸ್ತೆಯಲ್ಲಿ ಒಂದು ಕಡೆ ನಿಂತರೆ ಗುಡ್ಡದ ಸಾಲು ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಉಂಟು. ಇನ್ನೂ ಚೆನ್ನಾಗಿ ಕಾಣಲಿ ಅಂತ ಹತ್ತಿರ ಹೋದಿರೋ, ಬುದ್ಧ ಮಾಯ, ಬರೀ ಕಲ್ಲು. ಅದಕ್ಕೆ ಬಲ್ಲವರು ದೂರದಲ್ಲೇ ನಿಂತು ಕೈ ಮುಗಿದು ಹೋಗುತ್ತಾರೆ. ನಾನು ಬಲ್ಲವನಲ್ಲವಾದ್ದರಿಂದ ಬಿಸಿಲಲ್ಲಿ ಚೀಲ ಹೊತ್ತು ಬುದ್ಧನ ಮೂಗಿನ ಕಡೆ ನಡೆದೆ. ಸ್ವಲ್ಪ ಹೊತ್ತಿಗೆ ಮೂಗೂ ಇಲ್ಲ, ಗದ್ದವೂ ಇಲ್ಲ. ಎದುರಿಗೆ ಹತ್ತಿ ಹೊಲ, ಬೇವಿನ ಮರ, ಅದರ ಕೆಳಗೆ ಹತ್ತಿ ಬಿಡಿಸಲು ಬಂದ ಇಬ್ಬರು ಹೆಂಗಸರು ಊಟಕ್ಕೆ ಕೂತಿದ್ದರು. ಒಬ್ಬಾಕೆ ವಯಸ್ಸಾದವಳು, ಇನ್ನೊಬ್ಬಾಕೆ ಅವಳ ಸೊಸೆ.

"ಬಾರಪ್ಪ, ನೆಳ್ಳಿಗಿ ಕುಂಡ್ರು" ಅಂದಳು ಅತ್ತೆ. "ಯಾರ ಪೈಕಿ ನೀನು? ಚೀಲದಾಗ ಏನು?"

ಗಂಟು ಬಿಚ್ಚಿದೆ. ಸೊಸೆ ರೊಟ್ಟಿಯ ರಾಶಿ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು. "ಯತ್ತೀ, ಈ ಹುಡುಗ ಓಣೀನ ಹೊತ್ಕೊಂಡು ಬಂದಾನ."

"ದೋಸ್ತರು ಬರೋರಿದ್ರು. ಬರಲಿಲ್ರಿ" ಅಂದೆ. ದೋಸ್ತರ ಬಗ್ಗೆ ಆ ದಿನ ನಾನು ಆಡಿದ ಮಾತುಗಳಲ್ಲಿ ನಿಜಕ್ಕೆ ತೀರ ಹತ್ತಿರ ಬಂದದ್ದು ಇದೊಂದೇ.

ಮೂವರೂ ಕೂತು ಉಂಡೆವು. ಅವರು ತಮ್ಮ ಪುಂಡಿಪಲ್ಯ ನನ್ನ ರೊಟ್ಟಿಯ ಮೇಲೆ ಹಾಕಿದರು, ನಾನು ಅವ್ವನ ಎಣ್ಣೆಗಾಯಿ ಅವರಿಗೆ ಬಡಿಸಿದೆ. ಅತ್ತೆ ಬೆರಳು ಚೀಪಿ, "ನಿಮ್ಮವ್ವನ ಕೈ ಭಾಳ ಚಲೋ ಅದ. ಆಕೀಗಿ ಹೇಳು" ಅಂದಳು. ಉಳಿದ ರೊಟ್ಟಿ, ಹಿಂಡಿ, ಖಾರವಿಲ್ಲದ ಪಲ್ಯ ಎಲ್ಲವನ್ನೂ ಹೊಲದ ಆಚೆ ಬದಿ ಕೆಲಸ ಮಾಡುತ್ತಿದ್ದ ಮಂದಿಗೆ ಅಂತ ಅವರ ಬುಟ್ಟಿಗೆ ಸುರಿದೆ. ಹೋಳಿಗೆ ಡಬ್ಬಿಯನ್ನೂ ಮುಂದೆ ಮಾಡಿದೆ. ಮುಚ್ಚಳ ತೆಗೆದೊಡನೆ ತುಪ್ಪದ ವಾಸನೆ ಬಂತು.

"ಇದನ್ಯಾಕ ಬ್ಯಾರೆ ಕಟ್ಯಾಳ?" ಅತ್ತೆ ಕೇಳಿದಳು.

ಇಲ್ಲಿಯಾದರೂ ಬಾಯಿ ಮುಚ್ಚಿಕೊಳ್ಳಬಹುದಿತ್ತು. "ತಾಯಿ ಇಲ್ಲದ ಒಬ್ಬ ಹುಡುಗ ಅದಾನ್ರಿ. ಅಂವಗಂತ."

ಅತ್ತೆ ಚಾಚಿದ್ದ ಕೈ ಹಿಂದೆ ತೆಗೆದಳು. "ಪರದೇಶಿ ಮಗಂದು ನಾವ್ಯಾಕ ತಿನ್ನೋದು? ಅಂವಗ ಮುಟ್ಟಸು" ಅಂದು ತಾನೇ ಮುಚ್ಚಳ ಒತ್ತಿ ಕೊಟ್ಟಳು. ಸೊಸೆ ಮೇಲೊಂದು ಬಾಳೆಹಣ್ಣು ಇಟ್ಟಳು, ಅದೂ ಆ ಹುಡುಗನಿಗೇ. ನಾನು ಹುಟ್ಟಿಸಿದ ಅನಾಥನ ಆಸ್ತಿ ಊರಿಂದ ಊರಿಗೆ ಬೆಳೆಯುತ್ತಾ ಹೊರಟಿತು.

ಸುರಪುರಕ್ಕೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಸುತ್ತ ಗುಡ್ಡ, ನಡುವೆ ಊರು, ಓಣಿಯ ಕಲ್ಲುಗಳು ಒಂದಕ್ಕೊಂದು ಹೆಗಲು ಕೊಟ್ಟುಕೊಂಡು ಕೂತಿದ್ದವು. ಅರಮನೆಯ ಕಡೆ ಒಂದು ಸುತ್ತು ಹಾಕಿ ಗುಡ್ಡದ ಮೇಲಿನ ಬಂಗಲೆಗೆ ಹತ್ತಿದೆ. ಹಿಂದೆ ಒಬ್ಬ ಬಿಳಿಯ ಸಾಹೇಬ ಕಟ್ಟಿಸಿದ್ದಂತೆ. ಅವನು ಇಡೀ ಊರನ್ನು ಬಿಟ್ಟು ಇಷ್ಟು ಮೇಲೆ ಬಂದು ಯಾಕೆ ಮನೆ ಮಾಡಿದ ಅಂತ ಮೊದಲು ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತ ಮೇಲೆ ತಿಳಿಯಿತು. ಅಲ್ಲಿಂದ ಎಲ್ಲರ ಮನೆ ಕಾಣುತ್ತದೆ, ಯಾರ ಮಾತೂ ಕೇಳುವುದಿಲ್ಲ. ಪರ ಊರಿನವನಿಗೆ ಅದು ಒಂದು ಬಗೆಯ ಅನುಕೂಲ. ಬಾಗಿಲಿಗೆ ಬೀಗ ಇತ್ತು. ಆ ಗುಡ್ಡದ ಮೇಲೆ ನಾನು, ಒಂದು ಡಬ್ಬಿ, ಒಂದು ಬಾಳೆಹಣ್ಣು.

ಸುತ್ತ ಯಾರಾದರೂ ಸಿಗುತ್ತಾರೇನೋ ಅಂತ ನೋಡಿದೆ. ಮೇಕೆಗಳಿದ್ದವು. ಅವ್ವನ ಹೋಳಿಗೆಯನ್ನು ಮೇಕೆಗೆ ಹಾಕಲು ಕೈ ಬರಲಿಲ್ಲ. ತಿನ್ನಲೂ ಬಾಯಿ ಬರಲಿಲ್ಲ. ಮನೆಗೆ ಒಯ್ಯುವ ಹಾಗೂ ಇಲ್ಲ. ಫೋನು ಬಡಿದುಕೊಂಡಿತು.

"ಸುರಪುರ ಮುಟ್ಟಿದ್ರೇನು?"

"ಹೂಂ ಅವ್ವ. ಬಂಗಲಿ ಮುಂದ ಕುಂತೀವಿ."

"ಬುತ್ತಿ ಸಾಲ್ತೇನು?"

"ಎಲ್ಲಾ ಖಾಲಿ. ನಿನ್ನ ಕೈ ಭಾಳ ಚಲೋ ಅದ ಅಂದ್ರು."

ಅವ್ವ ನಕ್ಕಳು. ನಿಜವಾದ ಹೊಗಳಿಕೆಯೊಂದು ಕೊನೆಗೂ ಅವಳನ್ನು ಮುಟ್ಟಿತಲ್ಲ ಅಂತ ನಾನು ಉಸಿರು ಬಿಡುವಷ್ಟರಲ್ಲಿ, "ಆ ತಾಯಿ ಇಲ್ಲದ ಹುಡುಗನ ಕೈಯಾಗ ಫೋನ್ ಕೊಡು" ಅಂದಳು.

"ಅಂವ ಭಾಳ ನಾಚ್ತಾನವ್ವ."

"ನಾಚಿಕಿ ನಾ ಬಿಡಸ್ತೀನಿ. ಕೊಡು."

ನಾನು ಯಾರ ದನಿಯನ್ನಾದರೂ ತೆಗೆಯಬಲ್ಲೆ. ಪ್ರಿನ್ಸಿಪಾಲರದು, ಬಸ್ಸಿನ ಹಾರನ್ನಿನದು, ಮದುವೆ ಮನೆಯ ಶಹನಾಯಿಯದು. ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ಗಂಟಲನ್ನು ಹೊಟ್ಟೆಗೆ ಇಳಿಸಿ, "ನಮಸ್ಕಾರ್ರಿ ಆಂಟಿ" ಅಂದೆ. ಹೆತ್ತವಳನ್ನು ಆಂಟಿ ಅಂದದ್ದು ಅದೇ ಮೊದಲು.

ಆ ಕಡೆ ಮಶೀನಿನ ಗಾಲಿ ನಿಂತ ಸದ್ದು ಕೇಳಿತು.

"ಉಂಡೇನಪ್ಪ?"

"ಉಂಡೀನ್ರಿ."

"ಹೋಳಿಗಿ?"

"ಇನ್ನೂ ಇಲ್ರಿ. ಅದಾವ."

"ನಿನ್ನ ಗಂಟಲಿಗಿ ಏನಾಗ್ಯಾದ?"

"ಗುಡ್ಡದ ಮ್ಯಾಲ ಗಾಳಿ ಜೋರ ಅದರಿ."

"ಹೌದು, ಗಾಳಿ ಕೇಳಾಕತ್ತದ. ಬೆಳಿಗ್ಗಿ ಕ್ವಾಟಿ ಮ್ಯಾಲೂ ಗಾಳೀನ ಕೇಳ್ತು." ಅವ್ವ ಕತ್ತರಿ ಕೆಳಗಿಟ್ಟ ಸದ್ದಾಯಿತು. "ಗಾಳಿ, ನಮ್ಮ ಹುಡುಗ. ಮೂರನೇದೋರ ದನಿ ಕೇಳಲಿಲ್ಲ ನಂಗ."

ಕರವಸ್ತ್ರ ಕೈಯಲ್ಲೇ ಇತ್ತು. ಅವಳೇ ಮುಂದುವರಿಸಿದಳು, ಮನೆಗೆ ಬಂದ ಬೇರೆಯವರ ಮಗನ ಜೊತೆ ಮಾತಾಡುವ ಹಾಗೆ, ಮೆಲ್ಲಗೆ.

"ನಿನಗಂತ ಒಂದು ಮಾತು ಹೇಳ್ತೀನಿ, ಅಂವಗ ಹೇಳಬ್ಯಾಡ. ನಮ್ಮ ಹುಡುಗ ಒಂದು ಇದ್ರ ಹತ್ತು ಮಾಡ್ತಾನ. ನಾ ನಗಲಿ ಅಂತ ಮಾಡ್ತಾನ. ನಂಗ ಗೊತ್ತಾಗ್ತದ, ಆದ್ರೂ ಕೇಳ್ತೀನಿ. ಈ ಊರಾಗ ನನ್ನ ಕೂಡ ಮಾತಾಡೋರು ಯಾರದಾರ ಹೇಳು? ಜಂಪರ್ ಅಳತಿ ಕೊಡಾಕ ಬಂದೋರು ಅಳತಿ ಕೊಟ್ಟು ಹೋಗ್ತಾರ. ಸಂಜಿಗಿ ಅಂವ ಬಂದು ಆ ಐದು ಹುಡುಗರ ಸುದ್ದಿ ಹೇಳಿದ್ರ ಮನಿ ತುಂಬಿದಂಗ ಆಗ್ತಿತ್ತು. ಅದಕ ನಾನೂ ಸುಮ್ಮನ ಇದ್ದೆ."

"ಹೂಂರಿ" ಅಂದೆ. ದನಿ ಅನಾಥ ಹುಡುಗನದೋ ನನ್ನದೋ ನನಗೇ ತಿಳಿಯಲಿಲ್ಲ.

"ಇವತ್ತು ಇಷ್ಟು ಬುತ್ತಿ ಕಟ್ಟಿ ಕಳಿಸಿದ್ರ, ಹೊತ್ತು ಸಾಕಾಗಿ ಯಾರನ್ನರ ಒಬ್ಬರನ್ನ ಕರಕೊಂಡು ಹೋಗ್ತಾನ ಅಂತ ಮಾಡಿದ್ದೆ. ತಪ್ಪಾತು ಅನಸ್ತದ. ಭಾರ ಆತೇನಪ್ಪ ಅಂವಗ?"

"ಇಲ್ರಿ ಆಂಟಿ. ಹಗರ ಇತ್ತರಿ."

"ಆತು. ಹೋಳಿಗಿ ತಿನ್ನು. ನಿನಗಂತನ ಮಾಡೀನಿ." ಫೋನ್ ಇಟ್ಟಳು.

ತಿಂದೆ. ಒಂದರ ಮೇಲೊಂದು ಎಲ್ಲವನ್ನೂ ತಿಂದೆ. ಸಾಹೇಬನ ಕಟ್ಟೆಯ ಮೇಲೆ ಕೂತು, ಕೆಳಗೆ ಊರಿನಲ್ಲಿ ಒಂದೊಂದೇ ದೀಪ ಹತ್ತುವುದನ್ನು ನೋಡುತ್ತಾ, ತಾಯಿ ಇಲ್ಲದವನ ಪಾಲನ್ನು ತಾಯಿ ಇದ್ದವನು ತಿಂದೆ. ಅಳು ಬಂತು ಅಂತ ಬೇರೆಯವರಾಗಿದ್ದರೆ ಬರೆಯುತ್ತಿದ್ದರು. ನನಗೆ ಬಂದದ್ದು ಬಿಕ್ಕಳಿಕೆ, ಶೇಂಗಾ ಹೋಳಿಗೆ ನೀರಿಲ್ಲದೆ ಇಳಿಯುವುದಿಲ್ಲ. ಆ ಬಿಕ್ಕಳಿಕೆಗೆ ಮೇಕೆಗಳು ಹೆದರಿ ಇನ್ನೊಂದು ಗುಡ್ಡಕ್ಕೆ ಹೋದವು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಚೀಲ ತೆಗೆದುಕೊಂಡಳು. ಗಿಡ್ಡನ ಸುದ್ದಿ ಕೇಳಲಿಲ್ಲ, ಎತ್ತರದವನ ಸುದ್ದಿಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಾಯಿ ತೆರೆಯದೆ ನಾನು ಅಷ್ಟು ಹೊತ್ತು ಕೂತದ್ದನ್ನು ಯಾರಾದರೂ ನೋಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು. ಅವಳು ಅನ್ನ ಬಡಿಸಿ, ಎದುರಿಗೆ ಕೂತು, ನನ್ನ ತಟ್ಟೆಯನ್ನೇ ನೋಡುತ್ತಾ ಕೇಳಿದಳು.

"ಆ ಹುಡುಗ ಆರಾಮ ಅದಾನ?"

"ಅದಾನ."

"ಅಂವಗ ಹೇಳು. ಬರೋ ಐತಾರ ನಾ ಮಶೀನ್ ಬಂದ್ ಇಡ್ತೀನಿ. ಈ ಊರಿಗಿ ಬಂದಾಗಿಂದ ಕ್ವಾಟಿ ಕೆಳಗಿಂದ ನೋಡೀನಿ ಅಷ್ಟ."

"ಮೆಟ್ಟಲ ಭಾಳ ಅದಾವವ್ವ. ಸಾವಿರ ಅದಾವ."

"ನೀ ಸಾವಿರ ಅಂದ್ರ ನೂರು ಇರ್ತಾವ. ಹತ್ತತೀನಿ." ಸಾರಿನ ಪಾತ್ರೆ ನನ್ನ ಕಡೆ ಸರಿಸಿದಳು. "ರೊಟ್ಟಿ ಇಬ್ಬರಿಗಾಗೋವಷ್ಟ ಮಾಡ್ತೀನಿ."